ಕನ್ನಡಕದ ಪೆಟ್ಟಿಗೆ

ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಬಚ್ಚಲುಮನೆ ಖಾಲಿ ಇತ್ತು. ಆ ಹೊತ್ತಿಗೆ ಅದು ಯಾವತ್ತೂ ಖಾಲಿ ಇರುತ್ತಿರಲಿಲ್ಲ. ನನ್ನ ಗಂಡ ಒಳಗೆ ಸೇರಿಕೊಂಡರೆ ಅತ್ತೆ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು, ನಾನು ಬ್ರಷ್ ಹಿಡಿದುಕೊಂಡು ಅಡುಗೆಮನೆಯ ಸಿಂಕಿಗೆ ಹೋಗುತ್ತಿದ್ದೆ. ಅವತ್ತೂ ಸಿಂಕಿಗೇ ಹೋದೆ. ಅರ್ಧ ಉಜ್ಜಿದ ಮೇಲೆ ನೆನಪಾಯಿತು.

ಚಹಾ ಮಾಡಿದೆ. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಉಪ್ಪು ಹಾಕಿದೀಯ."

"ಸಕ್ಕರೆ ಡಬ್ಬಿಯಿಂದಲೇ ಹಾಕಿದ್ದು."

"ನಿಮ್ಮ ದೊಡ್ಡಮ್ಮ ಡಬ್ಬಿ ಎಲ್ಲಾ ತೊಳೆದು ಮನಸ್ಸಿಗೆ ಬಂದ ಹಾಗೆ ತುಂಬಿ ಹೋಗಿದಾಳೆ. ಒಂದು ಚೂರು ನಾಲಿಗೆಗೆ ಹಚ್ಚಿ ನೋಡಬಾರದಾ? ಚೀಟಿ ನಂಬ್ಕೊಂಡು ಕೂತ್ರೆ ಹೀಗೇ."

ಚೀಟಿ ಅಂಟಿಸಿದ್ದು ನನ್ನ ಗಂಡ. ದಪ್ಪ ಅಕ್ಷರ, ಕಪ್ಪು ಮಾರ್ಕರ್. ಅತ್ತೆಗೆ ಓದಲು ಬರುವುದಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನಿವೃತ್ತರಾದವರು. ಹಾಸಿಗೆ ಬಟ್ಟೆಯ ಅಂಚಿನ ಬಣ್ಣ ನೋಡಿ ಯಾವ ವಾರ್ಡಿನದು ಎಂದು ಹೇಳುತ್ತಿದ್ದರಂತೆ, ಅಷ್ಟರಲ್ಲೇ ಕೆಲಸ ನಡೆದುಹೋಯಿತು. ಮಗ ಹೊಸ ಓದಿಗೆ ಸೇರಿದ ಹುಮ್ಮಸ್ಸಿನಲ್ಲಿ ಡಬ್ಬಿಗಳಿಗೆಲ್ಲ ಹೆಸರು ಅಂಟಿಸಿದ. ಹುಮ್ಮಸ್ಸು ಹೋಯಿತು, ಚೀಟಿ ಉಳಿಯಿತು.

ಆ ಓದು ವಯಸ್ಕರ ಶಿಕ್ಷಣದ ಎಂ.ಎ. ದೊಡ್ಡವರಿಗೆ ಕಲಿಸುವುದು ಹೇಗೆ ಎಂದು ದೊಡ್ಡವರೇ ಕೂತು ಕಲಿಯುವುದು. ಅವನು ಹಗಲು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ, ಸಂಜೆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ. ನಾನು ಬಣ್ಣದ ಕಾರ್ಖಾನೆಯ ಲ್ಯಾಬಿನಿಂದ ಮನೆಗೆ ಬರುವಷ್ಟರಲ್ಲಿ ಅವನು ಹೊರಟಿರುತ್ತಿದ್ದ. ಅಲ್ಲಿ ಮೇಜು ಇಲ್ಲ, ವೇದಿಕೆ ಇಲ್ಲ. ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರುತ್ತಾರೆ, ಅದಕ್ಕೆ ಸರ್ಕಲ್ ಎನ್ನುತ್ತಾರೆ. ಸರದಿಯ ಮೇಲೆ ಒಬ್ಬೊಬ್ಬರೇ ತಮ್ಮ ಅನುಭವ ಹೇಳುತ್ತಾರೆ. ಹೇಳಿ ಮುಗಿಸಿದ ಮೇಲೆ ಉಳಿದವರು ಒಟ್ಟಿಗೆ "ಕೇಳಿದೆವು" ಎನ್ನಬೇಕು. ಎದುರು ಪ್ರಶ್ನೆ ಕೇಳುವ ಹಾಗಿಲ್ಲ. ದೊಡ್ಡವರು ಒಂದು ಸಲ ನಾಚಿಕೊಂಡರೆ ಮತ್ತೆ ತರಗತಿಗೆ ಬರುವುದಿಲ್ಲ, ಅದಕ್ಕೇ ಈ ಪದ್ಧತಿ ಎಂದು ಅವನೇ ಹೇಳಿದ್ದ. "ಅದು ನನ್ನ ಇನ್ನೊಂದು ಮನೆ ಕಣೇ" ಎನ್ನುತ್ತಿದ್ದ. ಆ ಮನೆಯಲ್ಲಿ ಮಾತಾಡಿ ಮಾತಾಡಿ ಈ ಮನೆಗೆ ಬರುವಾಗ ಅವನ ಗಂಟಲು ಒಣಗಿರುತ್ತಿತ್ತು.

ಕಚೇರಿಯ ಮೆಟ್ಟಿಲ ಮೇಲೆ ಅವನ ತಲೆಯಲ್ಲಿ ಒಂದು ರಕ್ತನಾಳ ಒಡೆಯಿತು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಮನೆಗೆ ಬಂತು.

ಎರಡನೇ ಸಲ ಚಹಾಕ್ಕೆ ಇಟ್ಟಾಗ ಫೋನ್ ಬಂತು. ವಿಭಾಗದ ಅಟೆಂಡರ್. ದನಿಯಲ್ಲಿ ವಯಸ್ಸಾಗಿತ್ತು.

"ತಪ್ಪು ತಿಳ್ಕೋಬೇಡಿ ತಾಯೀ. ಕನ್ನಡಕದ ಪೆಟ್ಟಿಗೆ ನಿಮ್ಮ ಯಜಮಾನ್ರ ಹತ್ರ ಉಳ್ಕೊಂಡಿದೆ. ಹೊಸಬರಿಗೆ ಬೇಕು, ದಿನಾ ಬಂದು ನನ್ನ ಪ್ರಾಣ ತಿಂತಾರೆ. ಶನಿವಾರ ಹೇಗೂ ನೆನಪಿನ ಸಭೆ ಇದೆಯಲ್ಲ, ಬರುವಾಗ ತಂದುಬಿಡಿ."

ನೆನಪಿನ ಸಭೆಯ ಸುದ್ದಿ ನನಗೆ ಗೊತ್ತಾಗಿದ್ದು ಆಗಲೇ.

ಪೆಟ್ಟಿಗೆ ಬೀರುವಿನ ಮೇಲಿತ್ತು. ಚಪ್ಪಟೆ ಮರದ ಪೆಟ್ಟಿಗೆ. ಕೊಂಡಿ ಮುರಿದಿದ್ದರಿಂದ ಅವನು ದಾರ ಸುತ್ತಿದ್ದ. ಒಳಗೆ ಗೂಡು ಗೂಡು, ಗೂಡಿಗೊಂದು ಕನ್ನಡಕ, ಕಡಿಮೆ ಪವರಿನಿಂದ ಹೆಚ್ಚಿನದಕ್ಕೆ. ದೊಡ್ಡವರ ತರಗತಿಯಲ್ಲಿ ಮೊದಲು ಅಕ್ಷರ ಹೇಳಿಕೊಡುವುದಿಲ್ಲ, ಮೊದಲು ಕಣ್ಣು ನೋಡುತ್ತಾರೆ. ತಲೆಗೆ ಹತ್ತುವುದಿಲ್ಲ ಎಂದು ಕೊರಗುವವರಲ್ಲಿ ಎಷ್ಟೋ ಜನಕ್ಕೆ ಹತ್ತಿರದ್ದು ಕಾಣುವುದೇ ಇಲ್ಲವಂತೆ. ಅವನು ಎಲ್ಲಿಗೆ ಹೋದರೂ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದ. ಅಲ್ಲಿ ಅವನ ಹೆಸರೇ ಕನ್ನಡಕದಣ್ಣ ಎಂದಾಗಿತ್ತು.

ಅತ್ತೆ ಕೈ ಹಾಕಿ ಸರಿಯಾಗಿ ಒಂದನ್ನು ತೆಗೆದರು.

"ಇದು ನಂದು. ಇದನ್ನ ಹಾಕಿಸಿ ಕೂರಿಸಿದ್ದ. ಎರಡು ಸಂಜೆ."

"ಆಮೇಲೆ?"

"ಆಮೇಲೆ ಅವನಿಗೆ ಪರೀಕ್ಷೆ ಬಂತು."

ಸಂಜೆ ಅವನ ಸಹಪಾಠಿಗಳು ಇಬ್ಬರು ಬಂದರು. ಒಬ್ಬರು ನರ್ಸ್. ತರಗತಿಗೆಲ್ಲ ಅವರು ನರ್ಸಕ್ಕ. ಇನ್ನೊಬ್ಬ ಬಸ್ ಕಂಡಕ್ಟರ್, ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದ. ನರ್ಸಕ್ಕ ಅತ್ತೆಯ ಕೈ ಹಿಡಿದವರು ಬಿಡಲೇ ಇಲ್ಲ.

"ನಿಮ್ಮನ್ನ ನೋಡಬೇಕು ಅಂತ ಎಷ್ಟು ದಿನದ ಆಸೆ ಅಮ್ಮ. ನಮ್ಮ ಗೋಡೆ ಮೇಲೆ ನಿಮ್ಮ ಫೋಟೋ ಇದೆ, ಗೊತ್ತಾ? ಕನ್ನಡಕ ಹಾಕ್ಕೊಂಡು ಪೇಪರ್ ಓದ್ತಾ ಇರೋದು."

ಅತ್ತೆ ನನ್ನ ಮುಖ ನೋಡಿದರು.

"ಅವರು ಸರ್ಕಲ್ಲಲ್ಲಿ ಹೇಳಿದ ದಿನ ನಾವೆಲ್ಲ ಅತ್ತಿದೀವಿ," ಎಂದರು ನರ್ಸಕ್ಕ. "ಅಷ್ಟು ವರ್ಷ ಅಕ್ಷರ ಕಾಣದ ತಾಯಿ ಮೊದಲು ಸಕ್ಕರೆ ಡಬ್ಬಿ ಓದಿದ್ದು, ಆಮೇಲೆ ಬಸ್ಸಿನ ಬೋರ್ಡು, ಆಮೇಲೆ ಪೇಪರು."

"ನಾನು ಓದು ಬಿಡೋನಿದ್ದೆ ಅತ್ತಿಗೆ," ಎಂದ ಕಂಡಕ್ಟರ್. "ಇಡೀ ದಿನ ರೈಟ್ ರೈಟ್ ಅಂತ ಕಿರುಚಿ ಬಂದು, ಈ ವಯಸ್ಸಲ್ಲಿ ನನಗ್ಯಾಕಪ್ಪ ಇದು ಅಂತ. ಅಮ್ಮನ ಕಥೆ ಕೇಳಿ ಉಳ್ಕೊಂಡೆ. ಆಣೆ ಮಾಡಿ ಹೇಳ್ತೀನಿ."

ನನ್ನ ಗಂಡ ನನಗೆ ಈ ಕಥೆ ಹೇಳಿರಲಿಲ್ಲ. ಹೇಗೆ ಹೇಳುತ್ತಿದ್ದ? ಡಬ್ಬಿ ನನ್ನ ಕಣ್ಣೆದುರೇ ಇತ್ತು.

ನರ್ಸಕ್ಕ ಬಂದ ಕೆಲಸ ಹೇಳಿದರು. ಸಭೆಯಲ್ಲಿ ಅವನು ಬರೆದ ನಾಲ್ಕು ಸಾಲನ್ನು ಅಮ್ಮನೇ ಓದಬೇಕು. ಪ್ರೊಫೆಸರ್ ಆಸೆ ಅದು. ಹೊಸಬರೂ ಬರುತ್ತಾರೆ, ಅವರಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕಿಲ್ಲ.

ನಾನು ಬಾಯಿ ತೆರೆದೆ. ಕಂಡಕ್ಟರ್ ಬಗ್ಗಿ ನನ್ನ ಗಂಡನ ಚಪ್ಪಲಿಗಳನ್ನು ಜೋಡಿಸಿ ಗೋಡೆಗೆ ಒತ್ತಿ ಇಡುತ್ತಿದ್ದ. ಬಾಗಿಲ ಬಳಿ ಅವು ಬಿದ್ದಲ್ಲೇ ಬಿದ್ದಿದ್ದವು, ಮುಟ್ಟಲು ನನ್ನಿಂದ ಆಗಿರಲಿಲ್ಲ. ನಾನು ಬಾಯಿ ಮುಚ್ಚಿದೆ.

"ಆಗ್ಲಿ, ಬರ್ತೀನಿ," ಎಂದರು ಅತ್ತೆ.

ಅವರು ಹೋದ ಮೇಲೆ ನಾನು ಕೇಳಿದೆ. "ಫೋಟೋ ಯಾವಾಗ ತೆಗೆದ?"

"ಆ ಎರಡನೇ ಸಂಜೆ. ಪೇಪರ್ ಹಿಡ್ಕೋ ಅಂದ, ಹಿಡ್ಕೊಂಡೆ. ತಲೆ ಬಗ್ಗಿಸು ಅಂದ, ಬಗ್ಗಿಸಿದೆ. ನಗಬೇಡ ಅಂದ."

"ನಿಮಗೆ ಮೈ ಹುಷಾರಿಲ್ಲ ಅಂತ ಹೇಳ್ತೀನಿ. ನಾನೊಬ್ಬಳೇ ಹೋಗಿ ಬರ್ತೀನಿ."

"ಯಾಕೆ? ನನಗೇನಾಗಿದೆ?"

"ಅಲ್ಲಿ ಅಷ್ಟು ಜನದ ಮುಂದೆ ಕಾಗದ ಕೈಗೆ ಕೊಡ್ತಾರೆ ಅತ್ತೆ. ಏನು ಮಾಡ್ತೀರಿ?"

"ನೀನು ಹೇಳು, ಏನು ಮಾಡ್ಲಿ?"

ನಾಲ್ಕೇ ಸಾಲು. ನರ್ಸಕ್ಕನಿಂದ ತರಿಸಿಕೊಂಡು ಬಾಯಿಪಾಠ ಮಾಡಿಸಬಹುದು, ಯಾರಿಗೂ ತಿಳಿಯುವುದಿಲ್ಲ, ಅವನ ಹೆಸರು ಉಳಿಯುತ್ತದೆ ಎಂದೆ. ಅಲ್ಲಿ ಅವನದು ಅಂತ ಉಳಿದಿರುವುದು ಅದೊಂದೇ ಎಂದೂ ಹೇಳಿದೆ.

ಅತ್ತೆ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು.

"ಅವನ ಹೆಂಡ್ತಿ ನೀನು, ಅನುಮಾನವೇ ಇಲ್ಲ," ಎಂದರು. "ಪೇಪರ್ ಹಿಡ್ಕೋ ಅಂತ ಅವನು. ಬಾಯಿಪಾಠ ಮಾಡು ಅಂತ ನೀನು. ಕೂತು ಕಲಿಸೋಕೆ ಮಾತ್ರ ಯಾರಿಗೂ ಪುರಸೊತ್ತಿಲ್ಲ."

ಮತ್ತೆ ಆ ಮಾತು ಎತ್ತಲಿಲ್ಲ. ಶನಿವಾರದವರೆಗೆ ನಾವು ಡಬ್ಬಿಗಳಲ್ಲಿ ಇರುವುದನ್ನು ಚೀಟಿಗಳಿಗೆ ಸರಿ ಮಾಡುತ್ತ ಕಳೆದೆವು. ಅತ್ತೆ ರುಚಿ ನೋಡಿ ಹೇಳುವುದು, ನಾನು ಚೀಟಿ ನೋಡಿ ತುಂಬುವುದು.

ವಿಭಾಗ ಮಹಡಿಯ ಮೇಲೆ, ಕೊನೆಯ ಕೋಣೆ. ಸೀಮೆಸುಣ್ಣದ ವಾಸನೆ, ಪ್ಲಾಸ್ಟಿಕ್ ಕುರ್ಚಿಗಳು ದುಂಡಗೆ. ಒಂದು ಕುರ್ಚಿಯನ್ನು ಖಾಲಿ ಬಿಟ್ಟಿದ್ದರು, ಅದರ ಮೇಲೆ ಅವನ ಚಹಾದ ಮಗ್ ಇಟ್ಟಿದ್ದರು. ಇಲ್ಲೊಂದು ಮಗ್ ಇಟ್ಟುಕೊಂಡಿದ್ದ ಎನ್ನುವುದೂ ನನಗೆ ಗೊತ್ತಿರಲಿಲ್ಲ. ಹೊರಗೆ ಓಣಿಯ ಗೋಡೆಯ ಮೇಲೆ ಅತ್ತೆಯ ಫೋಟೋ ನಿಜವಾಗಿಯೂ ಇತ್ತು, ದೊಡ್ಡದಾಗಿ, ಚೌಕಟ್ಟು ಹಾಕಿಸಿ. ಅತ್ತೆ ಅದರ ಮುಂದೆ ದಾಟಿ ಬಂದರು. ಕನ್ನಡಕವಿಲ್ಲದ ಅವರ ಕಣ್ಣಿಗೆ ಅದು ಮಸಕು.

ಒಬ್ಬೊಬ್ಬರಾಗಿ ಹೇಳಿದರು. ಕನ್ನಡಕದಣ್ಣ ನನ್ನ ಪ್ರಬಂಧ ತಿದ್ದಿದ. ಕೇಳಿದೆವು. ನನ್ನ ಮಗಳ ಮದುವೆ ನಿಂತಾಗ ಇದೇ ಕುರ್ಚಿಯಲ್ಲಿ ನನ್ನ ಪಕ್ಕ ಕೂತಿದ್ದ. ಕೇಳಿದೆವು. ಇವರಿಗೆ ಗೊತ್ತಿದ್ದ ಆ ಮನುಷ್ಯ ತಾಳ್ಮೆಯವನು, ಮಾತಿನವನು. ನನಗೆ ಅವನ ಪರಿಚಯ ಮಾಡಿಕೊಟ್ಟಿದ್ದರೆ ಇಷ್ಟವಾಗುತ್ತಿದ್ದನೇನೋ.

ಪ್ರೊಫೆಸರ್ ಎದ್ದು ಬಂದು ಅತ್ತೆಗೆ ಕಾಗದ ಕೊಟ್ಟರು. ಬಿಳಿ ಕೂದಲಿನ, ಮೆಲ್ಲಗೆ ಮಾತಾಡುವ ಹೆಂಗಸು. ಅತ್ತೆ ನನ್ನ ತೊಡೆಯ ಮೇಲಿದ್ದ ಪೆಟ್ಟಿಗೆಯ ದಾರ ಸಡಿಲಿಸಿ ಆ ಕನ್ನಡಕ ತೆಗೆದು ಹಾಕಿಕೊಂಡರು. ಕಾಗದವನ್ನು ಹತ್ತಿರ ತಂದರು, ದೂರ ಹಿಡಿದರು. ಹೊಸಬರಲ್ಲಿ ಒಬ್ಬಳು ಹುಡುಗಿ ಫೋನ್ ಎತ್ತಿ ಹಿಡಿದಳು.

"ಚೆನ್ನಾಗಿ ಕಾಣ್ತದೆ," ಎಂದರು ಅತ್ತೆ. "ಓದೋಕೆ ಬರಲ್ಲ. ನನ್ನ ಮಗ ನನಗೆ ಕಲಿಸ್ಲಿಲ್ಲ. ಎರಡು ಸಂಜೆ ಕೂರಿಸಿದ, ಆಮೇಲೆ ನಿಮ್ಮ ಪರೀಕ್ಷೆ ಬಂತು. ಒಂದು ಅಕ್ಷರವೂ ನನಗೆ ಬರಲ್ಲ. ನಿಮ್ಮ ಹತ್ರ ಹಾಗಲ್ಲ ಅಂದಿದ್ರೆ ಅದು ಸುಳ್ಳು."

ಯಾರೋ ಕುರ್ಚಿ ಸರಿಸಿದ ಸದ್ದು. ನಾನು ನೆಲ ನೋಡುತ್ತಿದ್ದೆ.

"ಕೇಳಿದೆವು," ಎಂದರು ಎಲ್ಲರೂ.

ನರ್ಸಕ್ಕ ಬಿಕ್ಕಿ ಅಳುತ್ತ ಬಂದು ಅತ್ತೆಯನ್ನು ಅಪ್ಪಿಕೊಂಡರು. ಪ್ರೊಫೆಸರ್ ಹೊಸಬರ ಕಡೆ ತಿರುಗಿ ಇನ್ನೂ ಮೆಲ್ಲಗೆ ಹೇಳಿದರು. "ನೋಡಿ. ಹೊಸದಾಗಿ ಕಲಿತದ್ದು ಎಷ್ಟು ಸೂಕ್ಷ್ಮ ಅಂತ. ಕಲಿಸಿದವನು ಹೋದ, ಅಕ್ಷರವೂ ಅವನ ಜೊತೆ ಹೋಯ್ತು. ಆಘಾತ ಆದಾಗ ಮನಸ್ಸು ಹೀಗೆ ಹಿಂದಕ್ಕೆ ಸರಿಯುತ್ತೆ. ತಾಯಿಗೆ ಈಗ ಕೋಪ ಬರಬೇಕು, ಬರಲಿ. ನಾವು ತಿದ್ದೋದು ಬೇಡ."

ಹೊಸಬರು ಬರೆದುಕೊಂಡರು.

ಅತ್ತೆ ನರ್ಸಕ್ಕನ ತೋಳಿನೊಳಗಿಂದ ನನ್ನನ್ನು ನೋಡಿದರು. ಸರದಿ ನನ್ನದು.

ಸುಮ್ಮನಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಅವನ ಹೆಸರಿಗೆ ಇನ್ನೇನೂ ಆಗುವಂತಿರಲಿಲ್ಲ. ಅವರು ಅದನ್ನು ಕಾಪಾಡಿ ಮುಗಿಸಿದ್ದರು. ಆದರೆ ಅತ್ತೆಯ ಮಾತಿಗೆ ಅಲ್ಲಿ ನಾನೊಬ್ಬಳೇ ಸಾಕ್ಷಿ.

"ಅತ್ತೆ ಹೇಳಿದ್ದು ನಿಜ," ಎಂದೆ. "ಅವರಿಗೆ ಆಘಾತ ಆಗಿ ಮರೆತುಹೋದದ್ದಲ್ಲ. ಮೊದಲಿನಿಂದಲೂ ಬರಲ್ಲ. ಆ ಮನೆಯಲ್ಲಿ ನಾನೂ ಇದ್ದೆ."

"ಕೇಳಿದೆವು," ಎಂದರು.

ಪ್ರೊಫೆಸರ್ ನನ್ನ ಭುಜ ಮುಟ್ಟಿದರು. ಬೆರಳು ತಣ್ಣಗಿತ್ತು. ಆಮೇಲೆ ಬಿಸ್ಕತ್ತು, ಚಹಾ ಕೊಟ್ಟರು.

ಓಣಿಯಲ್ಲಿ ಕಂಡಕ್ಟರ್ ನನ್ನ ಹಿಂದೆಯೇ ಬಂದ. ಆಚೆ ಈಚೆ ನೋಡಿದ. ಕುರ್ಚಿಗಳ ಹೊರಗೆ ಪ್ರಶ್ನೆ ಕೇಳಬಹುದು ಎಂದು ಅವನಿಗೆ ಆಗ ಹೊಳೆದಿರಬೇಕು.

"ಅತ್ತಿಗೆ, ಹೌದಾ?"

"ಹೌದು."

"ಸಕ್ಕರೆ ಡಬ್ಬಿ?"

"ಚೀಟಿ ಇದೆ. ಓದೋಳು ನಾನು."

ಅವನು ಗೋಡೆಯ ಫೋಟೋ ನೋಡಿದ. ಕತ್ತಿನ ಹಿಂದೆ ಕೈ ಹಾಕಿ ಉಜ್ಜಿಕೊಂಡ.

"ಮುಂದಿನ ತಿಂಗಳು ಕೊನೇ ಪರೀಕ್ಷೆ," ಎಂದ. "ಈಗ ಬಿಡೋಕೂ ಆಗಲ್ಲ. ಅಣ್ಣ ಸರಿಯಾಗಿ ಸಿಕ್ಕಿಸಿ ಹೋದ ನನ್ನ." ನಗಲು ನೋಡಿದ. ಆಮೇಲೆ ತಿರುಗಿ ಒಳಗೆ ಹೋದ, ಅಲ್ಲಿ ಕುರ್ಚಿ ಒಂದರ ಮೇಲೊಂದು ಪೇರಿಸುತ್ತಿದ್ದರು.

ಸ್ಟೋರಿನ ಕಿಟಕಿಯಲ್ಲಿ ಅಟೆಂಡರ್ ಕಾಯುತ್ತಿದ್ದರು. ಫೋನ್ ಎತ್ತಿ ಹಿಡಿದಿದ್ದ ಹುಡುಗಿ ಆಗಲೇ ಅಲ್ಲಿ ನಿಂತಿದ್ದಳು, ಪೆಟ್ಟಿಗೆ ಅವಳಿಗೇ ಹೋಗಬೇಕಾಗಿತ್ತು. ಅಟೆಂಡರ್ ದಾರ ಬಿಚ್ಚಿ, ಮುಚ್ಚಳ ತೆಗೆದು, ಗೂಡುಗಳ ಮೇಲೆ ಬೆರಳು ಆಡಿಸಿದರು.

"ಒಂದು ಕಮ್ಮಿ ಇದೆ ತಾಯೀ."

ಹಿಂದೆ ನೋಡಿದೆ. ಅತ್ತೆ ಓಣಿಯಲ್ಲಿ ಫೋಟೋದ ಮುಂದೆ ನಿಂತಿದ್ದರು. ಕನ್ನಡಕ ಮೂಗಿನ ಮೇಲೇ ಇತ್ತು. ಹತ್ತಿರ ಹೋದೆ.

"ಕೊಡಿ ಅತ್ತೆ. ಅವರದ್ದು."

"ಇರೇ." ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ಒಯ್ದರು. ಬೆರಳಿಟ್ಟು ತೋರಿಸಿದರು. "ಇಲ್ಲಿ ನೋಡು. ತೋಳಿನ ಹೊಲಿಗೆ ಬಿಟ್ಟಿದೆ. ಬಗಲು ಕಾಣ್ತಾ ಇದೆ."

ನೋಡಿದೆ. ಬಿಟ್ಟಿತ್ತು.

"ಇಷ್ಟು ಜನ ದಿನಾ ನೋಡ್ಕೊಂಡು ಓಡಾಡಿದಾರೆ," ಎಂದರು. "ಕಲಿಸ್ಲಿಲ್ಲ, ಹೋಗ್ಲಿ. ಹೊಲಿಗೆ ಬಿಟ್ಟಿದೆ ಅಮ್ಮಾ ಅಂತ ಒಂದು ಮಾತು ಹೇಳ್ಬಹುದಿತ್ತು. ಎದುರಿಗೇ ನಿಂತಿದ್ದ."

ಕನ್ನಡಕ ತೆಗೆದರು. ಗಾಜಿಗೆ ಉಸಿರು ಊದಿ, ಬಟ್ಟೆಯ ತುದಿಯಿಂದ ಒರೆಸಿ, ಕಡ್ಡಿ ಮಡಿಸಿ ನನ್ನ ಕೈಯಲ್ಲಿಟ್ಟರು. ನಾನು ಅದನ್ನು ಒಯ್ದು ಅದರ ಗೂಡಿನಲ್ಲಿ ಇಟ್ಟೆ. ಅಟೆಂಡರ್ ಇನ್ನೊಮ್ಮೆ ಬೆರಳು ಆಡಿಸಿ ಸರಿ ಎಂದರು. ಮುಚ್ಚಳ ಮುಚ್ಚಿ ಪೆಟ್ಟಿಗೆಯನ್ನು ಹುಡುಗಿಯ ಕಡೆ ತಳ್ಳಿದರು.

"ದಾರ ನಮ್ಮದಲ್ಲ," ಎಂದು ಅದನ್ನು ನನಗೆ ವಾಪಸು ಕೊಟ್ಟರು.

ಹುಡುಗಿ ಪೆಟ್ಟಿಗೆ ಎತ್ತಿಕೊಂಡಳು. ಮುಚ್ಚಳ ಬಾಯಿ ಬಿಟ್ಟಿತು. ನಾನು ದಾರವನ್ನು ಅವಳಿಗೆ ಕೊಟ್ಟು, ಅತ್ತೆಯ ಕೈ ಹಿಡಿದು ಮೆಟ್ಟಿಲು ಇಳಿಸಿದೆ.