ಕ್ಯಾರಿಯರ್ ಮೇಲಿನ ಭಾರ

ದರ್ಜಿಯ ಊರು ಅಂಗೈಯಷ್ಟು ಸಪಾಟು. ಅವನ ಹೆಂಡತಿಯ ತವರು ಬೆಟ್ಟದ ನೆತ್ತಿಯಲ್ಲಿ. ಮದುವೆಯಾದ ಹೊಸದರಲ್ಲಿ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟವನು, ಅರ್ಧ ಏರಿನಲ್ಲೇ ಉಸಿರುಕಟ್ಟಿ ಇಳಿದು ತಳ್ಳಿಕೊಂಡು ಹೋಗಿದ್ದ. ಬಾಗಿಲಲ್ಲಿ ನಿಂತಿದ್ದ ಭಾಮೈದ, "ಭಾವ, ಸೈಕಲ್ ನಿಮ್ಮನ್ನ ಕರ್ಕೊಂಡು ಬಂತಾ, ನೀವು ಸೈಕಲ್‌ನ ಕರ್ಕೊಂಡು ಬಂದ್ರಾ?" ಎಂದು ನಕ್ಕಿದ್ದ. ವರ್ಷಗಳು ಉರುಳಿದರೂ ಆ ಮಾತು ಗಂಟಲಿನಿಂದ ಕೆಳಗಿಳಿದಿರಲಿಲ್ಲ.

ಈ ಸಲ ಹೆಂಡತಿಯೇ ಕೇಳಿದಳು. "ರೀ, ಒಂದ್ಸಲ ತವರಿಗೆ ಹೋಗ್ಬೇಕು ಅನ್ನಿಸ್ತಿದೆ. ಸೈಕಲ್ಲಲ್ಲೇ ಕರ್ಕೊಂಡು ಹೋಗ್ತೀರಾ?"

ದರ್ಜಿ ಹಟಕ್ಕೆ ಬಿದ್ದ. ಆದರೆ ಸಪಾಟು ಊರಿಗೆ ಏರನ್ನು ಎಲ್ಲಿಂದ ತರುವುದು? ಬ್ರೇಕು ರಿಮ್ಮಿಗೆ ಉಜ್ಜುವಷ್ಟು ಬಿಗಿ ಮಾಡಿದ. ಟೈರಿನ ಗಾಳಿ ಇಳಿಸಿದ. ದಿನಾ ಸಂಜೆ ಅಂಗಡಿ ಮುಚ್ಚಿ, ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಎದುರುಗಾಳಿ ಬೀಸುವ ಕಾಲುವೆ ರಸ್ತೆಯಲ್ಲಿ ತುಳಿದ. ಮೊದಮೊದಲು ತೊಡೆ ಉರಿಯಿತು, ಕಣ್ಣು ಕತ್ತಲೆ ಬಂತು. ಬರಬರುತ್ತಾ ಸೈಕಲ್ ಹಗುರಾಗಿ ಓಡತೊಡಗಿತು.

"ನೋಡಿದ್ಯೇನೇ? ಕಾಲಿಗೆ ಎಂಥಾ ಬಲ ಬಂದಿದೆ!"

"ಹೂಂ ರೀ, ಬಂದಿದೆ," ಎಂದಳು ಹಿಂದಿನಿಂದ, ಅವನ ಅಂಗಿ ಹಿಡಿದುಕೊಂಡು.

ಬೆಟ್ಟದ ಮೇಲೆ ಚಳಿಯೆಂದು ಅವಳಿಗೊಂದು ಉಣ್ಣೆಯ ಕೋಟು ಹೊಲಿದ. ಅಳತೆ ತೆಗೆಯಲಿಲ್ಲ, ಹೆಂಡತಿಯ ಅಳತೆ ತನ್ನ ತಲೆಯಲ್ಲೇ ಇದೆಯೆಂಬ ಜಂಬ. ತೊಡಿಸಿ ನೋಡಿದರೆ ಒಳಗೆ ಇನ್ನೊಬ್ಬಳು ಹಿಡಿಸುವಷ್ಟು ಜಾಗ. ಟೇಪು ಹಿಡಿದ. ನಂಬದೆ ಮತ್ತೊಮ್ಮೆ ಹಿಡಿದ. ಅವಳ ಹಳೆಯ ಬಟ್ಟೆಗಳನ್ನು ತೆಗೆದು ನೋಡಿದರೆ, ಅವಳೇ ಕದ್ದುಮುಚ್ಚಿ ಕೈಯಲ್ಲಿ ಹಾಕಿಕೊಂಡ ಹೊಲಿಗೆಗಳು. ಗಿರಾಕಿಯ ಹೊಟ್ಟೆ ಎರಡು ಬೆರಳು ಕರಗಿದರೂ ದೂರದಿಂದಲೇ ಹೇಳುವ ಮಹಾಶಯ ಇವನು! ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ.

"ತವರಿಗೆ ಹೋಗೋಣ ಅಂದ್ನಲ್ಲ, ಅದಕ್ಕೆ ಮುಂಚೇನೇ ಡಾಕ್ಟರು ಹೇಳಿದ್ರು," ಎಂದಳು. "ಈ ಕಾಯಿಲೆ ಇನ್ನು ಮದ್ದಿಗೆ ಬಗ್ಗೋದಲ್ವಂತೆ. ನೀವು ಬಲ ಬಂತು ಅಂತ ಅಷ್ಟು ಕುಣೀತಿದ್ರಿ... ಯಾವ ಬಾಯಲ್ಲಿ ಹೇಳ್ಲಿ?"

ಅವನು ಕೋಟು ಬಿಚ್ಚಿ ಚಿಕ್ಕದು ಮಾಡಿದ. ಹೊಲಿಯುತ್ತಾ ಮಗುವಿನಂತೆ ಅತ್ತ.

ಭಾನುವಾರ ಬ್ರೇಕು ಸಡಿಲಿಸಿ, ಗಾಳಿ ತುಂಬಿ ಹೊರಟರು. ಹಿಂದೆ ಇಳಿದಿದ್ದ ಆ ಅರ್ಧ ಏರಿನಲ್ಲಾದರೂ ತೊಡೆ ಉರಿಯಲಿ, ಉಸಿರು ಕಟ್ಟಲಿ, ಇಳಿದು ತಳ್ಳುವಂತಾಗಲಿ ಎಂದು ಹಂಬಲಿಸಿದ. ಏನೂ ಆಗಲಿಲ್ಲ. ಸೈಕಲ್ ಏರುತ್ತಲೇ ಹೋಯಿತು.

ತಲೆ ನರೆತ ಭಾಮೈದ ಅದೇ ಬಾಗಿಲಲ್ಲಿದ್ದ. "ಭಾವ, ಗೆದ್ದುಬಿಟ್ರಿ! ಒಂದ್ಸಲಾನೂ ಇಳೀಲಿಲ್ಲ!" ಎಂದು ಚಪ್ಪಾಳೆ ತಟ್ಟಿದ.

ದರ್ಜಿ ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಳಿಸಿದ. ಕೈಗೆ ಸಿಕ್ಕಿದ್ದು ಕೋಟಿನ ಭಾರವಷ್ಟೇ.