ಸೆರಗು ಮೊದಲು

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮಗ್ಗದ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ, ಸದ್ದು ನಿಂತರೆ ಮಾತ್ರ ಎಲ್ಲರೂ ಹೊರಗೆ ಬರುತ್ತಾರೆ. ಭಾನುವಾರ ಮಧ್ಯಾಹ್ನ ಮುನಿರಾಜ್ ಮಗ್ಗ ನಿಲ್ಲಿಸಿದಾಗ ಮೊದಲು ಓಡಿ ಬಂದವಳು ಬಿಂದುಶ್ರೀ. ಅವನ ಅಕ್ಕನ ಮಗಳು, ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಮಗ್ಗದಲ್ಲಿ ಓಡುತ್ತಿದ್ದ ಡಿಸೈನು ಅವಳು ಬರೆದ ಟೂಲಿನಿಂದ ಬಂದದ್ದು.

ಟೂಲೇನೋ ಸಣ್ಣದು. ಸೀರೆಯ ಮೂರು ಭಾಗಗಳ ಫೈಲು ಪೆನ್‌ಡ್ರೈವಿಗೆ ಹಾಕಿ, ಕಪ್ಪು ಪರದೆಯಲ್ಲಿ ‘ಹೆಣೆ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಮೂರನ್ನೂ ಜೋಡಿಸಿ ಮಗ್ಗಕ್ಕೆ ಬೇಕಾದ ಒಂದೇ ಫೈಲು ಕೊಡುತ್ತದೆ. ಮೊದಲು ರವಿಕೆ ಕಣ, ಆಮೇಲೆ ಒಡಲು, ಕೊನೆಗೆ ಸೆರಗು. ಪಕ್ಕದ ಅಶೋಕನ ಶೆಡ್ಡಿನಲ್ಲಿ ದೀಪಾವಳಿಯಿಂದ ತಕರಾರಿಲ್ಲದೆ ನಡೆದಿತ್ತು. ಇಲ್ಲಿ ಸೆರಗು ಮೊದಲು ಬಂದು, ಅದರ ಬೆನ್ನಿಗೆ ಕಣ, ಆಮೇಲೆ ಒಡಲು ಬಂದಿತ್ತು. ಸೆರಗಿನಿಂದ ಶುರುವಾಗುವ ಡಿಸೈನುಗಳೂ ಇರುವುದರಿಂದ ಮುನಿರಾಜನಿಗೆ ತಡವಾಗಿ ಗೊತ್ತಾಯಿತು. ಕಣ ಕತ್ತರಿಸಿದರೆ ಸೀರೆ ಎರಡು ತುಂಡು.

“ಇನ್ನೊಂದ್ಸಲ ಹಿಂಗಾದ್ರೆ ಬೆಂಗಳೂರಿನ ಡಿಸೈನ್ ಅಂಗಡಿಗೇ ಹೋಗ್ತೀನಿ ಕಣಮ್ಮ,” ಎಂದ ಮುನಿರಾಜ್. ಬೈದಿದ್ದರೆ ವಾಸಿಯಿತ್ತು. ಅವನು ಬಿಟ್ಟರೆ ಇಡೀ ಬೀದಿ ಟೂಲನ್ನು ಬಿಡುತ್ತದೆಂದು ಅವಳಿಗೆ ಗೊತ್ತಿತ್ತು.

ಅಲ್ಲೇ ಕೂತು ತಾನೇ ಫೈಲು ಹಾಕಿ ಎಂಟರ್ ಒತ್ತಿದಳು. ಸರಿಯಾಗಿ ಬಂತು. ಮತ್ತೆ ಒತ್ತಿದಳು, ಮತ್ತೆ ಸರಿ. ಅವಳ ಮುಂದೆ ಸಂಭಾವಿತನಂತೆ ಕೂತ ಟೂಲು ಮಾವನ ಕೈಯಲ್ಲಿ ಮಾತ್ರ ಯಾಕೆ ಕೆಟ್ಟಿತು? ಕೊನೆಗೆ ಕುರ್ಚಿ ಬಿಟ್ಟುಕೊಟ್ಟು, ನೀನೇ ಮಾಡು ನೋಡೋಣ ಎಂದಳು. ಮುನಿರಾಜ್ ಮೊದಲು ಎತ್ತಿ ಹಾಕಿದ್ದೇ ಸೆರಗಿನ ಫೈಲು.

ಗುಟ್ಟು ಅಲ್ಲಿತ್ತು. ಫೈಲುಗಳಿಗೆ ಒಂದು, ಎರಡು, ಮೂರು ಎಂದು ಅವಳು ನಂಬರೇನೋ ಕೊಟ್ಟಿದ್ದಳು, ಆದರೆ ಟೂಲು ಅದನ್ನು ನೋಡುತ್ತಲೇ ಇರಲಿಲ್ಲ, ಕಂಪ್ಯೂಟರು ಕೊಟ್ಟ ಸರದಿಯನ್ನೇ ನಂಬುತ್ತಿತ್ತು. ಅಶೋಕ್ ಫೈಲುಗಳನ್ನು ಪೆನ್‌ಡ್ರೈವಿನ ಬದಲು ಕಂಪ್ಯೂಟರಿಗೇ ಹಾಕಿಕೊಳ್ಳುತ್ತಿದ್ದ, ಅವನ ವಿಂಡೋಸ್ ತನ್ನ ಡಿಸ್ಕಿನ ಫೈಲುಗಳನ್ನು ತಾನಾಗಿಯೇ ನಂಬರಿನಂತೆ ಕೊಡುತ್ತಿತ್ತು. ಮುನಿರಾಜನ ಹಳೇ ಕಂಪ್ಯೂಟರಿಗೆ ವೈರಸ್ ಕಾಟವೆಂದು ವಿಂಡೋಸ್ ತೆಗೆದು ಲಿನಕ್ಸ್ ಹಾಕಿದವಳು ಅವಳೇ. ಅದು ಪೆನ್‌ಡ್ರೈವಿಗೆ ಯಾವುದು ಮೊದಲು ಬಿತ್ತೋ ಅದನ್ನೇ ಮೊದಲು ಕೊಟ್ಟಿತ್ತು.

ಅಶೋಕ್ ಬಂದು, ಇಲ್ಲಿಗೂ ವಿಂಡೋಸ್ ಹಾಕಿ ಕೈ ತೊಳ್ಕೋ ಎಂದ. ಅವಳು ಒಪ್ಪಲಿಲ್ಲ. ಕಣ ಮೊದಲು ಹಾಕಿ ಎಂದು ಚೀಟಿ ಬರೆದು ಪರದೆಗೆ ಅಂಟಿಸಿದಳು. ಮುನಿರಾಜನ ಹೆಂಡತಿ ಗಂಗಲಕ್ಷ್ಮಮ್ಮ ಚೀಟಿ ನೋಡಿ ನಕ್ಕಳು.

“ಬಂದೋರೆಲ್ಲ ಮೊದ್ಲು ಸೆರಗು ಬಿಚ್ಚಿ ತೋರ್ಸಿ ಅಂತಾರೆ. ನಮ್ ಕೈ ಅದನ್ನೇ ಮೊದ್ಲು ಎತ್ತುತ್ತೆ ಬಿಂದು. ಚೀಟಿ ಅಂಟ್ಸಿದ್ರೆ ಕೈ ಕೇಳುತ್ತಾ?”

ಬಿಂದುಶ್ರೀಗೆ ಕಿವಿ ಬಿಸಿಯಾಯಿತು. ತನ್ನ ಟೂಲಿನ ಸೋಮಾರಿತನಕ್ಕೆ ನೇಯುವವರ ಕೈಯನ್ನು ತಿದ್ದಲು ಹೊರಟಿದ್ದಳಲ್ಲ! ಚೀಟಿ ಕಿತ್ತು ಹಾಕಿದಳು. ಕಂಪ್ಯೂಟರು ಯಾವುದಾದರೂ ಇರಲಿ, ಕೈ ಯಾರದಾದರೂ ಇರಲಿ, ಸೀರೆ ಒಂದೇ ಬರಬೇಕು. ಬರುವ ತನಕ ಬಿಡುವುದಿಲ್ಲ ಎಂದು ಹಟ ಹಿಡಿದಳು.

ಆ ವಾರ ಕಾಲೇಜು ಮುಗಿದ ಮೇಲೆ ಅದೇ ಕೆಲಸ. ಟೂಲು ಯಾರನ್ನೂ ಕೇಳದೆ ತಾನೇ ನಂಬರು ನೋಡಿ ಸರದಿ ಮಾಡುವಂತೆ ತಿದ್ದಿದಳು. ಅಶೋಕನ ಶೆಡ್ಡು, ಮಾವನ ಶೆಡ್ಡು ಎಂದು ಓಡಾಡಿ, ಫೈಲುಗಳನ್ನು ಬೇಕೆಂದೇ ಹಿಂದುಮುಂದು ಹಾಕಿ ನೋಡಿದಳು. ಕಾಲೇಜಿನಲ್ಲಿ ತನ್ನ ಜೊತೆ ಪಾಠ ಹೇಳುವ ಆಶಾರಾಣಿಯ ಮ್ಯಾಕ್ ಲ್ಯಾಪ್‌ಟಾಪ್ ಬೇಡಿ ತಂದರೆ ಅಲ್ಲಿ ಹೊಸ ರಗಳೆ. ಅದು ಪೆನ್‌ಡ್ರೈವಿಗೆ ಸದ್ದಿಲ್ಲದೆ ತನ್ನದೇ ಕಳ್ಳ ಫೈಲು ಸೇರಿಸಿತ್ತು, ಟೂಲು ಅದನ್ನೂ ಸೀರೆಯ ಭಾಗವೆಂದು ತಿಳಿದು ಮುಗ್ಗರಿಸಿತು. ಅದನ್ನೂ ತಿದ್ದಿ, ಮತ್ತೆ ಮೊದಲಿಂದ ಮೂರೂ ಕಡೆ ಓಡಿಸಿದಳು. ಮೂರೂ ಕಡೆ ಬಂದ ಫೈಲುಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮುಂದಿನ ಭಾನುವಾರ ಮುನಿರಾಜ್ ಪೆನ್‌ಡ್ರೈವ್ ಹಿಡಿದು, ಈ ಸಲ ಕಣ ಮೊದ್ಲು ಹಾಕ್ಲಾ ಎಂದು ಕೇಳಿದ.

“ಬೇಡ ಮಾವ. ನಿನ್ ಕೈಗೆ ಹೆಂಗ್ ಬರುತ್ತೋ ಹಂಗೇ ಹಾಕು.”

ಅವನು ಸೆರಗನ್ನೇ ಮೊದಲು ಹಾಕಿದ. ಹಾಕಿ, ಅವಳ ಮುಖ ನೋಡಿ ಎಂಟರ್ ಒತ್ತಿದ. ಮಗ್ಗ ಶುರುವಾಯಿತು. ಮೊದಲು ಕಣ ಬಂತು. ಬಿಂದುಶ್ರೀ ಏಳಲಿಲ್ಲ. ಒಡಲು ಬಂತು, ಊಟದ ಹೊತ್ತು ಮೀರಿತು, ಗಂಗಲಕ್ಷ್ಮಮ್ಮ ಕರೆದರೂ ಅವಳು ಮಗ್ಗದ ಹತ್ತಿರದಿಂದ ಕದಲಲಿಲ್ಲ. ಸೆರಗಿನ ಮೊದಲ ಜರಿ ಮಿಂಚಿದಾಗ ಮಾತ್ರ ಉಸಿರು ಬಿಟ್ಟಳು.

ಸೀರೆ ಇಳಿಸಿದ ಮೇಲೆ ಮುನಿರಾಜ್ ಕತ್ತರಿಯನ್ನು ಅವಳ ಕೈಗೆ ಕೊಟ್ಟ. ಅವಳು ಕಣದ ಗೆರೆ ಹಿಡಿದು ಕತ್ತರಿಸಿದಳು. ಕಣ ಕಳಚಿ ಅವಳ ಮಡಿಲಿಗೆ ಬಿತ್ತು. ಗಂಗಲಕ್ಷ್ಮಮ್ಮ ಸೀರೆಯ ಒಂದು ತುದಿ, ಮುನಿರಾಜ್ ಇನ್ನೊಂದು ತುದಿ ಹಿಡಿದು ಶೆಡ್ಡಿನ ಉದ್ದಕ್ಕೂ ಬಿಡಿಸಿದರು. ನಡುವೆ ಎಲ್ಲೂ ತುಂಡಾಗಿರಲಿಲ್ಲ.