ಲಾಟೀನಪ್ಪನ ಹಿಂಭಾಗ

ಹೊಸ ಪ್ಯಾಂಟನ್ನು ಹಳೆಯದು ಮಾಡುವುದು ಭೀಮೇಶನ ಕಸುಬು. ರಾಯದುರ್ಗದ ಮನೆಮನೆಯಲ್ಲಿ ಹೊಲಿದ ಜೀನ್ಸು ಅವನ ಶೆಡ್ಡಿಗೆ ಗಟ್ಟಿ ನೀಲಿಯಾಗಿ ಬರುತ್ತಿತ್ತು. ಅದನ್ನು ಮರದ ಕಾಲಿಗೆ ತೊಡಿಸಿ, ತೊಡೆ, ಮಂಡಿ, ಕುಂಡಿ ಎಂದು ಜಾಗ ನೋಡಿ ಉಪ್ಪುಕಾಗದದಿಂದ ಉಜ್ಜಿ, ಯಾರೋ ಮೂರು ವರ್ಷ ಉಟ್ಟು ಬಿಟ್ಟಿದ್ದು ಅನ್ನುವ ಹಾಗೆ ಮಾಡಿ ಕಳಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡಿದ್ದ. ಮಡಕಶಿರಾದ ಭಾವ ವೆಂಕಟಸ್ವಾಮಿ ಸಿಕ್ಕಾಗಲೆಲ್ಲ, ಊರಿನವರೆಲ್ಲ ಕೆಟ್ಟದ್ದನ್ನು ರಿಪೇರಿ ಮಾಡಿ ಬದುಕಿದರೆ ನಮ್ಮ ಭೀಮೇಶ ಒಬ್ಬನೇ ನೆಟ್ಟಗಿದ್ದದ್ದನ್ನು ಕೆಡಿಸಿ ಬದುಕುತ್ತಾನೆ ಎಂದು ಚುಚ್ಚುತ್ತಿದ್ದ. ಭೀಮೇಶ ನಗುತ್ತಿದ್ದ, ಹಾಗಂತ ಆ ಮಾತು ಅವನಿಗೆ ನಾಟುತ್ತಿರಲಿಲ್ಲ ಅಂತಲ್ಲ.

ಆ ವೆಂಕಟಸ್ವಾಮಿಯ ಮಗಳು ಶಿರಿಷಾ ಮಾಡುತ್ತಿದ್ದದ್ದು ಸರಿಯಾಗಿ ಇದರ ತಿರುವುಮುರುವು. ಮಡಕಶಿರಾದ ಮನೆಯ ಮಹಡಿಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅವಳು ಹಳೆಯ ವಿಡಿಯೋ ಗೇಮುಗಳನ್ನು ಹೊಸದು ಮಾಡುತ್ತಿದ್ದಳು. ಡಬ್ಬಿ ಟೀವಿಯ ಕಾಲದಲ್ಲಿ ಬಂದ ಆಟಗಳನ್ನು ಈಗಿನ ಗೋಡೆಯಗಲದ ಟೀವಿಗೆ ಹಾಕಿದರೆ ಮನುಷ್ಯನ ಮುಖ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದೆ. ಆದರೂ ಚಿಕ್ಕಂದಿನಲ್ಲಿ ಆಡಿದವರಿಗೆ ಅದೇ ಆಟ ಬೇಕು. ಹಾಗಾಗಿ ಯಾವುದೋ ಕಂಪನಿ ಆಟವನ್ನು ಹಾಗೇ ಇಟ್ಟು, ಅದರ ಗೋಡೆ, ಮರ, ಬಟ್ಟೆ, ಕೂದಲು ಎಲ್ಲವನ್ನೂ ಒಂದೊಂದಾಗಿ ಸ್ಪಷ್ಟವಾಗಿ ಬರೆಸಿ, ಹೊಸ ಮಷೀನಿಗೆ ಮಾರುತ್ತದೆ. ಶಿರಿಷಾಗೆ ಬಂದಿದ್ದು ಬಟ್ಟೆಯ ಪಾಲು.

ಒಂದು ಮಂಗಳವಾರ ಚಹಾದ ಹೊತ್ತಿಗೆ ಅವಳು ಫೋನು ಮಾಡಿದಳು. ದನಿ ಸಣ್ಣಗಾಗಿತ್ತು. ಒಬ್ಬ ಮನುಷ್ಯ ಲಾಟೀನು ಹಿಡಿದು ಹಾಳು ಗೋಪುರ ಹತ್ತುವ ಆಟ, ಅವನ ಜೀನ್ಸು ತಾನು ಬರೆಯಬೇಕು, ಎರಡು ಸಲ ಕಳಿಸಿದ್ದು ವಾಪಸು ಬಂತು, ಮೂರನೆಯದು ಸೋಮವಾರ ಕೊಡಬೇಕು, ಅದೂ ವಾಪಸಾದರೆ ಕೆಲಸ ಬೇರೆಯವರಿಗೆ ಹೋಗುತ್ತದೆ, ತನ್ನನ್ನೂ ತೆಗೆಯುತ್ತಾರೆ ಎಂದಳು.

ಭೀಮೇಶ ಚಹಾದ ಲೋಟ ಕೆಳಗಿಟ್ಟ. ಅವನಿಗೆ ಆ ಮನುಷ್ಯ ಗೊತ್ತಿದ್ದ. ಇಪ್ಪತ್ತು ವರ್ಷದ ಹಿಂದೆ ರಾಯದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಟೀವಿ ಇಟ್ಟ ಗೇಮಿನ ಅಂಗಡಿಯೊಂದಿತ್ತು. ಹೊಲಿಗೆಯ ಹುಡುಗರೆಲ್ಲ ಅಲ್ಲೇ ಬಿದ್ದಿರುತ್ತಿದ್ದರು. ಇಂಗ್ಲಿಷ್ ಹೆಸರು ಯಾರಿಗೂ ಓದಲು ಬಾರದೆ ಅವನಿಗೆ ಲಾಟೀನಪ್ಪ ಎಂದು ನಾಮಕರಣ ಮಾಡಿದ್ದರು. ಆಡುವವನು ಯಾವಾಗಲೂ ಲಾಟೀನಪ್ಪನ ಹಿಂದಿನಿಂದಲೇ ಅವನನ್ನು ನೋಡಬೇಕು, ಆಟದ ರೀತಿಯೇ ಹಾಗೆ. ಎರಡು ವರ್ಷ ಆಡಿದರೂ ಭೀಮೇಶನಿಗೆ ಅವನ ಮುಖ ಹೇಗಿತ್ತೋ ನೆನಪಿಲ್ಲ. ಹಿಂಭಾಗ ಮಾತ್ರ ಹೆಂಡತಿಯ ಮುಖದಷ್ಟೇ ಪರಿಚಯ.

"ಅದೇ ಮಾವ ಕಷ್ಟ ಆಗಿರೋದು" ಎಂದಳು ಶಿರಿಷಾ. "ಆಟ ಪೂರ್ತಿ ಜನ ಅದನ್ನೇ ನೋಡ್ತಾರೆ. ಬಲಗಡೆ ಜೇಬಿನ ಕೆಳಗೆ ಮೂರು ಬಿಳೀ ಚುಕ್ಕಿ ಐತೆ. ಅದೇನು ಅಂತ ಯಾರಿಗೂ ಗೊತ್ತಿಲ್ಲ. ಹರಿದಿರೋದು ಅಂತ ಬರೆದೆ, ಅಲ್ಲ ಅಂದ್ರು. ಜೇಬಿನಾಗೆ ಕರ್ಚೀಫು ಅಂತ ಬರೆದೆ, ಅದೂ ಅಲ್ಲವಂತೆ. ಏನು ಅಂತ ಮಾತ್ರ ಅವ್ರೂ ಹೇಳಲ್ಲ."

ಭೀಮೇಶ ಒಂದು ಕ್ಷಣವೂ ಯೋಚಿಸಲಿಲ್ಲ. "ಎಣ್ಣಿ ಕೈ ಒರೆಸಿಕೊಂಡು ಸವೆದಿದ್ದು. ಲಾಟೀನು ಹಿಡಿದೋನು ಮತ್ತೆಲ್ಲಿ ಒರೆಸ್ತಾನ? ಆ ಕುಂಡಿ ನನಗ ಬಿಡು. ಪ್ಯಾಂಟು ಮಾಡಿ ಕಳಿಸ್ತೀನಿ, ನೀ ಫೋಟೋ ತೆಗದು ಹಂಗ ಹಚ್ಚು."

ಮಾತು ಕೊಟ್ಟ ಮೇಲೆ ಅವನು ಶೆಡ್ಡಿನಲ್ಲಿ ಯಾವತ್ತೂ ಇಲ್ಲದ ಶ್ರದ್ಧೆಯಿಂದ ಒಂದು ಪ್ಯಾಂಟು ಉಜ್ಜಿದ. ಮೂರು ನಮೂನೆಯ ಕಾಗದ ಬದಲಿಸಿದ. ಜೊತೆಯವರು ಬಂದು ನೋಡಿ, ಯಾರ ಮದುವೆಗೆ ಎಂದು ಕೇಳಿದರು. ಬುಧವಾರದ ಬಸ್ಸಿನ ಡ್ರೈವರನ ಕೈಗೆ ಪೊಟ್ಟಣ ಕೊಟ್ಟ. ಗುರುವಾರ ಶಿರಿಷಾ ಉತ್ತರವಾಗಿ ಒಂದು ಫೋಟೋ ಕಳಿಸಿದಳು. ಅವನ ಕೈಕೆಲಸ ಫೋನಿನ ಪರದೆಯ ತುಂಬ ಹಿಗ್ಗಿತ್ತು. ಬಟ್ಟೆಯ ಮೇಲೆ ನೇರನೇರ ಗೀರುಗಳು, ಬಾಚಣಿಗೆ ಎಳೆದ ಹಾಗೆ. ಉಪ್ಪುಕಾಗದದ ಒಂದೊಂದು ಹರಳೂ ತನ್ನ ಸಾಕ್ಷಿ ಬಿಟ್ಟು ಹೋಗಿತ್ತು.

ಅವಳು ಮೆತ್ತಗೇ ಹೇಳಿದಳು. ಹೊಸ ಟೀವಿಯಲ್ಲಿ ಸುಳ್ಳು ಸವೆತ ಸುಳ್ಳಾಗಿಯೇ ಕಾಣುತ್ತದೆ, ನಿಜವಾಗಿ ಉಟ್ಟು ಸವೆದದ್ದೇ ಬೇಕು. ಭೀಮೇಶ ಫೋನು ಜೇಬಿಗಿಟ್ಟು ಮರದ ಕಾಲನ್ನೇ ನೋಡುತ್ತ ಕುಳಿತ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಗಿರಾಕಿಯೂ ಕಂಡುಹಿಡಿಯದ್ದನ್ನು ಅಕ್ಕನ ಮಗಳು ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸಿಬಿಟ್ಟಿದ್ದಳು.

ಆಗ ಅವನಿಗೆ ಮೂಕಪ್ಪನ ನೆನಪಾಯಿತು.

ಮೂಕಪ್ಪ ಗುಮ್ಮಘಟ್ಟದ ಕುರಿಗಾಹಿ. ಹೆಸರು ಹಾಗಿದ್ದರೂ ಅವನ ಬಾಯಿಗೆ ಬಿಡುವಿರಲಿಲ್ಲ. ಮೂರು ವರ್ಷದ ಹಿಂದೆ ಜಿಪ್ಪು ಸೊಟ್ಟಗಾಗಿ ರಿಜೆಕ್ಟಾದ ಒಂದು ಪ್ಯಾಂಟನ್ನು ಭೀಮೇಶ ಅವನಿಗೆ ಕೊಟ್ಟಿದ್ದ. ಅಂದಿನಿಂದ ಅವನು ಅದನ್ನು ಬಿಚ್ಚಿದ್ದನ್ನು ಕಂಡವರು ಕಡಿಮೆ. ಶುಕ್ರವಾರ ಭೀಮೇಶ ಎರಡು ಹೊಸ ಪ್ಯಾಂಟು ಚೀಲಕ್ಕೆ ಹಾಕಿಕೊಂಡು ಶೇರ್ ಆಟೋದ ಅಂಚಿನಲ್ಲಿ ಅರ್ಧ ಕುಂಡಿ ಊರಿ ಗುಮ್ಮಘಟ್ಟಕ್ಕೆ ಹೋದ. ಊರಾಚೆಯ ಬೀಳಿನಲ್ಲಿ ಮೂಕಪ್ಪ ಕುರಿಯ ಕಿವಿಯಿಂದ ಉಣ್ಣಿ ಕೀಳುತ್ತ ಕುಳಿತಿದ್ದ. ಒಂದು ಉಣ್ಣಿ ಕೀಳುವುದು, ಕಲ್ಲಿನ ಮೇಲೆ ಹೊಸಕುವುದು, ಕೈಯನ್ನು ಬಲಗಡೆ ಹಿಂದಕ್ಕೆ ಒರೆಸಿಕೊಳ್ಳುವುದು. ಭೀಮೇಶ ಸ್ವಲ್ಪ ದೂರದಲ್ಲೇ ನಿಂತು ನೋಡಿದ. ಮೂಕಪ್ಪ ಎದ್ದು ತಿರುಗಿದಾಗ ಅವನಿಗೆ ಬೇಕಾದದ್ದು ಕಂಡಿತು. ಜೇಬಿನ ಕೆಳಗೆ ಅಂಗೈಯಗಲ ನೀಲಿ ಹಾಲಾಗಿ, ನಡುವೆ ಎಳೆ ಬಿಟ್ಟುಕೊಂಡು ಹೆಬ್ಬೆರಳು ತೂರುವಷ್ಟು ತೂತಾಗಿತ್ತು. ಯಾವ ಕಾಗದಕ್ಕೂ ಆ ಕೆಲಸ ಬರುವಂಥದ್ದಲ್ಲ.

ವಿಷಯ ಕೇಳಿ ಮೂಕಪ್ಪ ಚೀಲದ ಹೊಸ ಪ್ಯಾಂಟುಗಳನ್ನು ಮುಟ್ಟಿಯೂ ನೋಡಲಿಲ್ಲ.

"ಇದನ್ನ ಪಳಗಿಸಾಕ ಮೂರು ವರ್ಷ ಹಿಡೀತ್ರಿ. ಕುಂತ್ರ ತಾನೂ ಕುಂದರತೈತಿ. ಯಾರಿಗೆ ಬೇಕ್ರಿ?"

"ಟೀವಿ ಒಳಗ ಒಬ್ಬ ಅದಾನ, ಅವಂಗ."

"ಅವಂಗ ಸ್ವಂತದ್ದು ಇಲ್ಲೇನ್ರಿ?"

"ಐತಪ. ನೆಟ್ಟಗ ಕಾಣೂದಿಲ್ಲ."

ಮೂಕಪ್ಪನಿಗೆ ಆ ಮನುಷ್ಯನ ಮೇಲೆ ಕನಿಕರ ಹುಟ್ಟಿತು. ಆದರೆ ಕರಾರು ಹಾಕಿದ. ಹತ್ತು ದಿನದೊಳಗೆ ತನ್ನ ಪ್ಯಾಂಟು ತನಗೆ ವಾಪಸು ಬರಬೇಕು, ಅಲ್ಲಿತನಕ ಹೊಸದನ್ನು ಉಡುತ್ತೇನೆ, ಆದರೆ ಕುರಿಗಳು ಗುರುತು ಹಿಡಿಯದೆ ಚದುರಿದರೆ ಅದಕ್ಕೆ ಭೀಮೇಶನೇ ಜವಾಬ್ದಾರ. ಹಾಗೆ ಹೇಳಿ ಜಾಲಿಮರದ ಹಿಂದೆ ಹೋಗಿ ಬದಲಿಸಿ ಬಂದ. ಕುರಿಗಳು ನಿಜವಾಗಿಯೂ ತಲೆಯೆತ್ತಿ ನೋಡಿದವು.

ಶನಿವಾರ ಶೆಡ್ಡಿಗೆ ಹೋಗುವ ಅವಸರದಲ್ಲಿ ಭೀಮೇಶ ಪ್ಯಾಂಟಿನ ಚೀಲವನ್ನು ಹೊಲಿಗೆಯ ಮಷೀನಿನ ಪಕ್ಕ ಇಟ್ಟು ಹೋದ. ಅವನ ತಪ್ಪು ಅದೊಂದೇ. ಹೆಂಡತಿ ನಾಗಲಕ್ಷ್ಮಿ ಹನ್ನೆರಡನೇ ವಯಸ್ಸಿನಿಂದ ಮಷೀನು ತುಳಿದವಳು. ಆ ಮನೆಯಲ್ಲಿ ಮಷೀನಿನ ಪಕ್ಕ ಇಟ್ಟದ್ದೆಲ್ಲ ಹೊಲಿಯಬೇಕಾದದ್ದು ಎಂದೇ ಅರ್ಥ. ಹೇಳಬೇಕಾಗಿಲ್ಲ, ಕೇಳಬೇಕಾಗಿಲ್ಲ. ಸಂಜೆ ಅವನು ಬಂದಾಗ ಪ್ಯಾಂಟು ಎರಡು ನೀರು ಕಂಡು, ಹಗ್ಗದ ಮೇಲೆ ಒಣಗಿ, ಇಸ್ತ್ರಿಯಾಗಿ ಮಡಚಿ ಕೂತಿತ್ತು. ತೂತಿನ ಜಾಗದಲ್ಲಿ ಮೂರು ಓರೆಸಾಲು ರಫು ಬಿದ್ದಿತ್ತು. ನೀಲಿ ದಾರದ ಉಂಡೆ ಮುಗಿದಿದ್ದರಿಂದ ಕೆನೆಬಣ್ಣದ ದಾರದಲ್ಲಿ.

ಭೀಮೇಶ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಏನಾಯಿತೆಂದು ಕೇಳಿದ್ದಕ್ಕೆ ಎಲ್ಲ ಹೇಳಿದ. ನಾಗಲಕ್ಷ್ಮಿ ಪೂರ್ತಿ ಕೇಳಿಸಿಕೊಂಡಳು.

"ತೂತು ಬೇಕು ಅಂತ ತೂತಿನ ಪ್ಯಾಂಟು ತರೋ ಗಂಡನ್ನ ನಾ ಎಲ್ಲೂ ನೋಡಿಲ್ರಿ" ಎಂದಳು. "ಒಂದು ಚೀಟಿನರ ಬರದು ಇಡಬೇಕಿಲ್ಲ?"

ಬಿಚ್ಚೋಣವೆಂದು ಅವನು ಬ್ಲೇಡು ತಂದ. ಅವಳು ಕೈ ಅಡ್ಡ ಹಿಡಿದಳು. ತಾನು ಹಾಕಿದ ರಫು ಬಿಚ್ಚಿದರೆ ಸುತ್ತಲಿನ ಬಟ್ಟೆಯೂ ಅದರ ಜೊತೆ ಬರುತ್ತದೆ, ಆಮೇಲೆ ಲಾಟೀನಪ್ಪ ಗೋಪುರವನ್ನು ಬರಿ ಕುಂಡಿಯಲ್ಲಿ ಹತ್ತಬೇಕಾಗುತ್ತದೆ ಎಂದಳು. ಎಳೆ ಹಿಡಿದು ನೋಡಿದ ಭೀಮೇಶನಿಗೂ ಅದು ನಿಜವೆನಿಸಿತು. ಭಾನುವಾರದ ಬಸ್ಸಿಗೆ ಅವಳೂ ಹೊರಟಳು. ತಪ್ಪು ತನ್ನದಾದರೆ ಹುಡುಗಿಯ ಮುಖ ನೋಡಿ ತಾನೇ ಹೇಳುತ್ತೇನೆ, ಇವನ ಬಾಯಲ್ಲಿ ಬಂದರೆ ಅದು ಬೇರೆಯೇ ಬಣ್ಣ ಪಡೆಯುತ್ತದೆ ಎನ್ನುವುದು ಅವಳ ವಾದ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿದರು. ಭೀಮೇಶನಿಗೆ ಕಣ್ಣೆದುರು ಸೋಮವಾರವೊಂದೇ ಕಾಣುತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಹುಡುಗಿ ತನಗೆ ತೋಚಿದ್ದು ಬರೆದು ಪಾರಾಗುತ್ತಿದ್ದಳೋ ಏನೋ ಎಂಬ ಯೋಚನೆ ಅವನನ್ನು ಮಡಕಶಿರಾದವರೆಗೂ ಕುಟ್ಟಿತು.

ಶಿರಿಷಾ ಪ್ಯಾಂಟು ನೋಡಿ ಅಳಲೂ ಇಲ್ಲ, ಬಯ್ಯಲೂ ಇಲ್ಲ. ಅದು ಭೀಮೇಶನಿಗೆ ಇನ್ನೂ ಕಷ್ಟವಾಯಿತು. ಬೇರೆ ಪ್ಯಾಂಟಿಗೆ ಹೊತ್ತಿಲ್ಲ, ಇರುವುದರ ಫೋಟೋ ತೆಗೆಯೋಣ, ಒಳಗೆ ಮನುಷ್ಯನಿಲ್ಲದಿದ್ದರೆ ಸುಕ್ಕು ಸರಿ ಬೀಳುವುದಿಲ್ಲ, ನೀನೇ ಹಾಕಿಕೋ ಮಾವ ಎಂದಳು. ಹೀಗೆ ನಲವತ್ತಮೂರು ವರ್ಷದ ಭೀಮೇಶ ಕುರಿಗಾಹಿಯ ಪ್ಯಾಂಟು ತೊಟ್ಟು, ಉರಿಬಿಸಿಲಲ್ಲಿ ಮಾಳಿಗೆಯ ಮೇಲೆ ಸೂರ್ಯನಿಗೆ ಬೆನ್ನು ಮಾಡಿ ನಿಂತ. ಶಿರಿಷಾ ಸುತ್ತ ತಿರುಗಿ ನೂರಾರು ಫೋಟೋ ತೆಗೆದಳು. ಒಂದು ಕಾಲು ಮೆಟ್ಟಿಲಿನ ಮೇಲೆ, ಬಗ್ಗಿ, ಇನ್ನಷ್ಟು ಬಗ್ಗಿ. ಎದುರು ಮಾಳಿಗೆಯಲ್ಲಿ ಹುಣಸೆಹಣ್ಣು ಒಣಹಾಕುತ್ತಿದ್ದ ಪೆದ್ದಮ್ಮ ಕೆಲಸ ನಿಲ್ಲಿಸಿ ನೋಡಿದಳು.

"ಏನವ್ವಾ ಶಿರಿಷಾ, ನಿಮ್ಮಾವಂಗೆ ಏನಾಗೈತೆ ಅಲ್ಲಿ?"

"ಏನಿಲ್ಲಜ್ಜಿ, ಟೀವಿನಾಗೆ ಬತ್ತೈತೆ."

"ಮುಖ ಬರಲ್ವಾ?" ಎಂದು ಕೇಳಿದ ಪೆದ್ದಮ್ಮ, ಉತ್ತರಕ್ಕೂ ಕಾಯದೆ, ಹೋಗಲಿ ಬಿಡು, ಇದೇ ವಾಸಿ ಎಂದು ಹುಣಸೆಹಣ್ಣಿಗೆ ಮರಳಿದಳು.

ಶಿರಿಷಾ ಫೋಟೋಗಳನ್ನು ಕಂಪ್ಯೂಟರಿಗಿಳಿಸಿ ಲಾಟೀನಪ್ಪನ ಮೈಗೆ ಹೊದಿಸಿದಳು. ಆ ಕೆಲಸ ಮುಗಿಯುವಾಗ ಬಿಸಿಲು ಇಳಿದಿತ್ತು. ಕೊನೆಗೆ ಅವಳ ಕೆಲಸದಲ್ಲಿ ಒಂದು ಪರೀಕ್ಷೆಯಿತ್ತು. ಹೊಸ ಚಿತ್ರವನ್ನು ಹಳೆಯ ಆಟದಷ್ಟೇ ಸಣ್ಣದು ಮಾಡಿ ಹಳೆಯದರ ಪಕ್ಕ ಇಡಬೇಕು, ಎರಡೂ ಒಂದೇ ಥರ ಕಾಣಬೇಕು. ಅವಳು ಕುಗ್ಗಿಸುತ್ತ ಹೋದಳು. ನೇಯ್ಗೆ ಮಾಯವಾಯಿತು, ಸುಕ್ಕು ಮಾಯವಾಯಿತು, ಮೂಕಪ್ಪನ ಮೂರು ವರ್ಷದ ಸವೆತ ಬರೀ ತಿಳಿನೀಲಿಯಾಗಿ ಕರಗಿತು. ಉಳಿದದ್ದು ರಫಿನ ಮೂರು ಸಾಲು. ಅವು ಸೇರಿ ಸೇರಿ, ಬಲಗಡೆ ಜೇಬಿನ ಕೆಳಗೆ ಓರೆಯಾಗಿ ಮೂರು ಬಿಳೀ ಚುಕ್ಕಿಯಾಗಿ ನಿಂತವು. ಪಕ್ಕದ ಹಳೆಯ ಚಿತ್ರದಲ್ಲೂ ಅವೇ ಮೂರು, ಅದೇ ಓರೆಯಲ್ಲಿ.

ನಾಗಲಕ್ಷ್ಮಿ ಕುರ್ಚಿಯ ಹಿಂದೆ ನಿಂತು ಗಂಡನ ಕಡೆ ಒಂದು ಸಲ ನೋಡಿದಳು, ಅಷ್ಟೇ.

"ಎಣ್ಣಿ ಕೈ ಒರೆಸಿದ್ರ ಮೊದಲು ತೂತು ಬಿದ್ದಿರತೈತಿ" ಎಂದ ಭೀಮೇಶ. "ಆಮೇಲ ಅವನ ಹೆಂಡ್ತಿ ರಫು ಹಾಕಿರತಾಳ. ನಾ ಹೇಳಿದ್ದು ಅದನ್ನ."

ಸೋಮವಾರ ಮಧ್ಯಾಹ್ನ ಕಂಪನಿಯಿಂದ ಒಂದು ಸಾಲಿನ ಉತ್ತರ ಬಂತು. ಪ್ಯಾಂಟು ಒಪ್ಪಿಗೆ, ಅಂಗಿ ಶುರುಮಾಡಿ ಎಂದು. ವೆಂಕಟಸ್ವಾಮಿ ಅದನ್ನು ಎರಡು ಸಲ ಓದಿಸಿಕೊಂಡು, ರಾತ್ರಿ ಅಲ್ಲೇ ಉಳಿದಿದ್ದ ಭಾವಮೈದುನನಿಗೆ ಚುಚ್ಚಲು ಏನೂ ತೋಚದೆ, ಊಟಕ್ಕೆ ಏಳು ಎಂದ.

ಎಂಟು ತಿಂಗಳ ಮೇಲೆ ಆಟ ಬಿಡುಗಡೆಯಾಯಿತು. ಶಿರಿಷಾ ಹೊಸ ಮಷೀನು ಕೊಂಡು ಮಾವನನ್ನೂ ಅತ್ತೆಯನ್ನೂ ಕರೆಸಿದಳು. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಎಲ್ಲರೂ ಟೀವಿಯ ಮುಂದೆ ಕುಳಿತರು. ಭೀಮೇಶ ಆಟದ ರಿಮೋಟು ಹಿಡಿದ. ಗೋಪುರದ ಕಲ್ಲುಕಲ್ಲಿಗೆ ಪಾಚಿ ಬಂದಿತ್ತು, ಲಾಟೀನಿನೊಳಗೆ ಬತ್ತಿ ಕಾಣುತ್ತಿತ್ತು. ಅದರ ಮುಂದೆ, ಟೀವಿಯ ಅರ್ಧದಷ್ಟು ಅಗಲಕ್ಕೆ, ಲಾಟೀನಪ್ಪನ ಹಿಂಭಾಗ. ಗುಮ್ಮಘಟ್ಟದ ಸವೆತ, ಭೀಮೇಶನ ನಿಲುವು, ರಾಯದುರ್ಗದ ರಫು. ಹೆಬ್ಬೆರಳು ಇಪ್ಪತ್ತು ವರ್ಷದ ಹಿಂದಿನ ದಾರಿಯನ್ನು ತಾನಾಗೇ ಹಿಡಿಯಿತು. ಮೂರು ಮೆಟ್ಟಿಲು, ಎಡಕ್ಕೆ ನೆಗೆತ, ಸರಪಳಿ. ಲಾಟೀನಪ್ಪ ಹತ್ತಿದ.

ಹತ್ತನೆಯ ಮಹಡಿಯಲ್ಲಿ ಅವನು ಬಗ್ಗಿ ಬೀಗ ತೆರೆಯುತ್ತಿದ್ದಾಗ ನಾಗಲಕ್ಷ್ಮಿ ಎದ್ದು ಟೀವಿಯ ಹತ್ತಿರ ಹೋದಳು. ಗಾಜಿಗೆ ಬೆರಳು ಮುಟ್ಟುವಷ್ಟು ಹತ್ತಿರ.

"ನಿಲ್ಲಸ್ರಿ. ನಡುವಿನ ಸಾಲಿನಾಗ ಒಂದು ಹೊಲಿಗಿ ಬಿಟ್ಟೈತಿ."

ಭೀಮೇಶ ನಿಲ್ಲಿಸಿದ. ಬಿಟ್ಟಿದ್ದು ಹೌದು. ಕೈಯಲ್ಲಿ ಹಿಡಿದಾಗ ಯಾರಿಗೂ ಕಾಣದ್ದು ಇಲ್ಲಿ ಬಾವಿಯಷ್ಟು ಕಾಣುತ್ತಿತ್ತು. ಈಗ ಏನೂ ಮಾಡಲಿಕ್ಕಾಗದು, ಆಟ ಲೋಕಕ್ಕೆಲ್ಲ ಹೋಗಿಬಿಟ್ಟಿದೆ ಎಂದು ಶಿರಿಷಾ ಅತ್ತೆಗೆ ತಿಳಿಹೇಳಿದಳು. ನಾಗಲಕ್ಷ್ಮಿಗೆ ಲೋಕದ ಗೊಡವೆ ಬೇಕಿರಲಿಲ್ಲ.

"ಇವಂದು ಹೋಗ್ಲಿ" ಎಂದಳು. "ಮೂಕಪ್ಪಂದು ಎಲ್ಲೈತಿ?"

"ಮೂಕಪ್ಪನ ಮೈ ಮ್ಯಾಲ."

"ನಾಳಿ ಗುಮ್ಮಘಟ್ಟಕ್ಕ ಹೋಗಿ ಬಿಚ್ಚಿಸಿಕೊಂಡು ಬರ್ರಿ."